ಅರ್ಧಕ್ಕೆ ನಿಂತ ತಾರಸಿ ಕೆಲಸ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಮಹಿಳೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪತಿ ತೀರಿಕೊಂಡ ಮೇಲೆ ಮಲೆನಾಡಿನ ಸೆರಗಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಮೂರು ದಶಕ ದಾಟಿದ ಸ್ವಂತ ಮನೆಯಲ್ಲಿ ಒಬ್ಬರೇ ವಾಸವಾಗಿದ್ದಾರೆ. ಮಗ ಪುಣೆಯಲ್ಲಿ ಉದ್ಯೋಗದಲ್ಲಿದ್ದಾನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಹತ್ತಬಹುದಾದ ವಿವರಗಳನ್ನೂ ಹಣದ ಮೊತ್ತಗಳನ್ನೂ ಬದಲಿಸಿದ್ದೇನೆ. ಅವರು ನನ್ನ ಬಳಿ ಬಂದದ್ದು ರಾತ್ರಿ ನಿದ್ರೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ, ಯಾರ ಮೇಲಾದರೂ ಸಿಡುಕುವಂತಾಗುತ್ತದೆ ಎಂಬ ದೂರಿನೊಂದಿಗೆ. ಮನೆ ರಿಪೇರಿಯ ವಿಷಯ ಮೊದಲ ಭೇಟಿಯ ಕೊನೆಯಲ್ಲಿ, ಅದೂ ಹೇಳುವಂಥದ್ದೇನಲ್ಲ ಎಂಬ ಧಾಟಿಯಲ್ಲಿ ಹೊರಬಂತು.

ತಾರಸಿ ಸೋರುತ್ತಿತ್ತು. ವಾಟರ್‌ಪ್ರೂಫಿಂಗ್ ಮಾಡಿಸಲು ಅವರು ಒಪ್ಪಿಸಿದ ಗುತ್ತಿಗೆದಾರ ಅವರದೇ ಹಳೆಯ ವಿದ್ಯಾರ್ಥಿ, ಇಂದಿಗೂ ಅವರನ್ನು ‘ಟೀಚರ್’ ಎಂದೇ ಕರೆಯುವವನು. ಒಟ್ಟು 2,40,000 ರೂಪಾಯಿಗೆ ಬಾಯಿಮಾತಿನಲ್ಲೇ ಒಪ್ಪಂದವಾಯಿತು. ಸಾಮಾನು ತರಿಸಬೇಕು, ಲೇಬರಿಗೆ ಕೊಡಬೇಕು ಎನ್ನುತ್ತಾ ಅವನು ಮೊದಲ ತಿಂಗಳೊಳಗೆ 1,60,000 ರೂಪಾಯಿ ಪಡೆದುಕೊಂಡ. ಹಳೆಯ ಗಾರೆಯನ್ನು ಕೆತ್ತಿ ತೆಗೆದು, ಪ್ಯಾರಪೆಟ್ ಗೋಡೆಯ ಬುಡವನ್ನು ಬಿಡಿಸಿ, ಅವಶೇಷವನ್ನು ಅರ್ಧ ಸಾಗಿಸುವಷ್ಟರಲ್ಲಿ ಕೆಲಸ ನಿಂತಿತು. ಕೆತ್ತಿದ ತಾರಸಿ ಕೆತ್ತದ ತಾರಸಿಗಿಂತ ಹೆಚ್ಚು ಸೋರುತ್ತದೆ, ಏಕೆಂದರೆ ನೀರನ್ನು ಕೊಳವೆಯ ಕಡೆಗೆ ಹರಿಸುತ್ತಿದ್ದ ಇಳಿಜಾರಿನ ಗಾರೆಯೇ ಹೋಗಿ, ಮಳೆನೀರು ಸ್ಲ್ಯಾಬಿನ ಮೇಲೆ ನಿಂತು ಕೂದಲೆಳೆಯ ಬಿರುಕುಗಳೊಳಗೆ ಇಳಿಯುತ್ತದೆ. ಏಪ್ರಿಲ್‌ನ ಮೊದಲ ಅಡ್ಡಮಳೆಗೇ ದೇವರ ಕೋಣೆಯ ಸೂರಿನಲ್ಲಿ ತೇವ ಕಾಣಿಸಿಕೊಂಡಿತ್ತು. ಮುಂಗಾರಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಗುತ್ತಿಗೆದಾರ ಪೂರ್ತಿ ಕೈಕೊಟ್ಟು ಹೋಗಿದ್ದರೆ ಇವರ ಸ್ಥಿತಿ ಇಷ್ಟು ಹದಗೆಡುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವನು ಹಾಗೆ ಮಾಡಲಿಲ್ಲ. ಹತ್ತು ಸಲ ಫೋನ್ ಮಾಡಿದರೆ ಒಂದು ಸಲ ಎತ್ತುತ್ತಿದ್ದ, ‘ಸೋಮವಾರ ಖಂಡಿತ, ಟೀಚರ್’ ಎನ್ನುತ್ತಿದ್ದ, ಮತ್ತು ಎಂದೋ ಒಂದು ಸೋಮವಾರ ನಿಜಕ್ಕೂ ಇಬ್ಬರು ಆಳುಗಳನ್ನು ಕಳಿಸಿ ಮಧ್ಯಾಹ್ನದವರೆಗೆ ಏನಾದರೂ ಮಾಡಿಸುತ್ತಿದ್ದ. ಫಲ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಕ್ಕಾಗಲೇ ಅಭ್ಯಾಸ ಅತ್ಯಂತ ಗಟ್ಟಿಯಾಗಿ ಬೇರೂರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗಾಲಯದಲ್ಲಿ ತೋರಿಸಿದ್ದರು; ಈ ಮಹಿಳೆಯ ಬೆರಳು ದಿನವಿಡೀ ಫೋನಿನ ಮೇಲೆ ಸುಳಿದಾಡುತ್ತಿದ್ದುದಕ್ಕೆ ಇದಕ್ಕಿಂತ ದೂರದ ಕಾರಣ ಹುಡುಕಬೇಕಾಗಿರಲಿಲ್ಲ. ಕರೆ ಮಾಡಿದರೆ ಅವಮಾನ, ಮಾಡದಿದ್ದರೆ ಅವನು ಬರುವ ಸೋಮವಾರ ತಪ್ಪಿಹೋದೀತೆಂಬ ಭಯ. ರಾತ್ರಿ ಎದ್ದು ಕೂತು, ಅವನು ವಾಟ್ಸ್ಆ್ಯಪ್‌ನಲ್ಲಿ ಕೊನೆಯ ಬಾರಿ ಯಾವಾಗ ಕಾಣಿಸಿಕೊಂಡಿದ್ದನೆಂದು ನೋಡುವುದು ರೂಢಿಯಾಗಿತ್ತು.

ಸುತ್ತಲಿನವರ ಮಾತು ನೋವನ್ನು ಹೆಚ್ಚಿಸಿತ್ತು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನೆರೆಯವರು ನಕ್ಕರು. ಅವರ ತಮ್ಮ ‘ಸ್ಟೇಷನ್‌ನಲ್ಲಿ ಒಂದು ನಾನೂರಿಪ್ಪತ್ತು ಹಾಕಿಸು’ ಎಂದ, ಹಳೆಯ ದಂಡ ಸಂಹಿತೆಯ ಕಲಮಿನ ಸಂಖ್ಯೆಯಲ್ಲಿ ವಂಚನೆಯ ಕೇಸನ್ನು ಸೂಚಿಸುತ್ತಾ. ಮಗ, ‘ಹೋದದ್ದು ಹೋಯಿತು ಅಮ್ಮ, ನಾನು ದುಡ್ಡು ಕಳಿಸುತ್ತೇನೆ, ಬೇರೆಯವರಿಗೆ ಕೊಡು’ ಎಂದ. ಪ್ರೀತಿಯಿಂದಲೇ ಆಡಿದ ಈ ಕೊನೆಯ ಮಾತು ಅವರನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿತು, ಏಕೆಂದರೆ ತನಗೆ ಇನ್ನು ವ್ಯವಹಾರ ತಿಳಿಯದು ಎಂದು ಮಗನೂ ತೀರ್ಮಾನಿಸಿಬಿಟ್ಟನೆಂದು ಅವರಿಗೆ ಅನ್ನಿಸಿತು. ಇಷ್ಟಾದರೂ ಗುತ್ತಿಗೆದಾರನ ಮೇಲೆ ಅವರ ಬಾಯಲ್ಲಿ ಒಂದು ಕಟುಮಾತೂ ಬರಲಿಲ್ಲ. ‘ನನ್ನ ಕೈಯಲ್ಲೇ ಕಲಿತ ಹುಡುಗ’ ಎಂಬ ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿದರು. ಅವನ ತಪ್ಪಿನಲ್ಲಿ ತನ್ನ ಪಾಠದ ಸೋಲನ್ನು ಅವರು ಓದಿಕೊಳ್ಳುತ್ತಿದ್ದರು. ಹಣದ ನಷ್ಟ ಈ ನಾಚಿಕೆಯ ಕೆಳಗೆ ಹೂತುಹೋಗಿದ್ದರಿಂದ, ಒಟ್ಟು ನಷ್ಟವೆಷ್ಟೆಂದು ಗಣಿತದ ಶಿಕ್ಷಕಿಯೇ ಲೆಕ್ಕ ಹಾಕಿರಲಿಲ್ಲ.

ಆದ್ದರಿಂದ ನಾನು ಕೊಟ್ಟ ಮೊದಲ ಕೆಲಸ ಲೆಕ್ಕವೇ. ಕೊಟ್ಟ ಹಣವೆಷ್ಟು ಮತ್ತು ಯಾವ ದಾರಿಯಲ್ಲಿ, ಆಗಿರುವ ಕೆಲಸವೇನು, ಬಾಕಿಯೇನು ಎಂಬುದನ್ನು ಅವನ ಭರವಸೆಗಳನ್ನು ಒಂದಿಷ್ಟೂ ಸೇರಿಸದೆ ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ. ಬ್ಯಾಂಕ್ ಮತ್ತು ಯುಪಿಐ ದಾಖಲೆಗಳಿದ್ದುದರಿಂದ ಬಾಯಿಮಾತಿನ ಒಪ್ಪಂದಕ್ಕೂ ಕುರುಹು ಇತ್ತು. ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಒಟ್ಟು ಮೊತ್ತವನ್ನು ಅವನೇ ಒಪ್ಪಿಕೊಂಡಿದ್ದ. ಹಾಳೆ ತುಂಬಿದ ಮೇಲೆ ಅವರು ಮೊದಲ ಬಾರಿಗೆ ಸಿಟ್ಟಾದರು. ಆ ಸಿಟ್ಟು ಒಳ್ಳೆಯ ಸೂಚನೆಯೆಂದೇ ನಾನು ಭಾವಿಸಿದೆ, ಮನೆಗೆಲಸದವಳ ಮೇಲೂ ಮಗನ ಮೇಲೂ ಚೆಲ್ಲಿ ಹೋಗುತ್ತಿದ್ದುದು ಅಂದು ಸರಿಯಾದ ವಿಳಾಸಕ್ಕೆ ಹೋಯಿತು.

ಆನಂತರದ ಸಲಹೆಯ ತಿರುಳು ಇಷ್ಟೇ: ತಾರಸಿಯ ಪ್ರಶ್ನೆ ಬೇರೆ, ಹಣದ ಪ್ರಶ್ನೆ ಬೇರೆ. ಇವೆರಡನ್ನೂ ಗಂಟು ಹಾಕಿಕೊಂಡದ್ದರಿಂದಲೇ ಅವರು ಅವನಿಗಾಗಿ ಕಾಯುತ್ತಿದ್ದರು. ಇನ್ನೊಬ್ಬರನ್ನು ಕರೆದರೆ ಕೊಟ್ಟ ಹಣ ಬಿಟ್ಟುಕೊಟ್ಟಂತೆ ಎಂದು ಭಯಪಟ್ಟಿದ್ದರು. ಮಳೆಗೆ ಹಣದ ವ್ಯಾಜ್ಯ ತಿಳಿಯದು. ಆದರೆ ಇನ್ನೊಬ್ಬ ಕೆಲಸಗಾರ ಕೈಯಿಡುವ ಮೊದಲು ಒಂದು ಕೆಲಸ ಆಗಲೇಬೇಕು, ಅದನ್ನು ಹೆಚ್ಚಿನವರು ಮರೆಯುತ್ತಾರೆ: ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರರಿಂದ ಸ್ಥಳ ನೋಡಿಸಿ, ಆಗಿರುವ ಕೆಲಸದ ಅಳತೆ ಮತ್ತು ಮೌಲ್ಯವನ್ನು ಸಹಿ ಹಾಗೂ ತಾರೀಕಿನೊಡನೆ ಬರೆಸಿಕೊಂಡು, ಫೋಟೊ ತೆಗೆದಿಟ್ಟುಕೊಳ್ಳುವುದು. ಹೊಸಬ ಗಾರೆ ಹಾಕಿದ ಮೇಲೆ ಹಳಬ ಎಷ್ಟು ಮಾಡಿದ್ದನೆಂದು ಹೇಳಲು ಯಾರಿಗೂ ಆಗುವುದಿಲ್ಲ. ಎಂಜಿನಿಯರರ ವರದಿಯ ಪ್ರಕಾರ ಆಗಿದ್ದ ಕೆಲಸ 45,000 ರೂಪಾಯಿಯದು. ಅಂದರೆ 1,15,000 ರೂಪಾಯಿ ಅವನ ಬಳಿ ಕೆಲಸವಿಲ್ಲದೆ ಕೂತಿತ್ತು.

ಫೋನಿನ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಇದ್ದೆ. ಇನ್ನು ಕರೆ ಮಾಡಬಾರದು, ಅವನು ಮಾಡಿದರೆ ಎರಡೇ ವಾಕ್ಯ, ಮಿಕ್ಕದ್ದೆಲ್ಲ ಬರಹದಲ್ಲಿ. ಆ ಎರಡು ವಾಕ್ಯಗಳನ್ನು ಕೋಣೆಯಲ್ಲೇ ಅಭ್ಯಾಸ ಮಾಡಿದೆವು: ‘ಯಾವ ತಾರೀಕು ಎಂಬುದನ್ನು ಬರೆದು ಕಳಿಸು. ಬರೆದು ಬಂದ ಮೇಲೆ ಮಾತಾಡುತ್ತೇನೆ.’ ಮೊದಮೊದಲು ಅವರ ದನಿ ಕೊನೆಯಲ್ಲಿ ಬೇಡಿಕೊಳ್ಳುವಂತೆ ಏರುತ್ತಿತ್ತು. ತರಗತಿಯಲ್ಲಿ ಮನೆಕೆಲಸ ತಾರದ ಹುಡುಗನಿಗೆ ಹೇಗೆ ಹೇಳುತ್ತಿದ್ದಿರಿ ಎಂದು ಕೇಳಿದ ಮೇಲೆ ಸರಿಹೋಯಿತು; ಅಷ್ಟು ದಿನ ಬಾಯಿ ಕಟ್ಟಿದ್ದ ಟೀಚರ್‌ತನವೇ ಅಲ್ಲಿ ಉಪಯೋಗಕ್ಕೆ ಬಂತು.

ಅವರು ಸ್ಪೀಡ್ ಪೋಸ್ಟ್‌ನಲ್ಲಿಯೂ ವಾಟ್ಸ್ಆ್ಯಪ್‌ನಲ್ಲಿಯೂ ಕಳಿಸಿದ ಪತ್ರದಲ್ಲಿ ಬೈಗುಳವಿರಲಿಲ್ಲ, ಹಳೆಯ ಸಂಬಂಧದ ಪ್ರಸ್ತಾಪವೂ ಇರಲಿಲ್ಲ. ‘ಒಪ್ಪಿದ ಮೊತ್ತ ಇಷ್ಟು, ಪಾವತಿಯಾದದ್ದು ಇಷ್ಟು, ಎಂಜಿನಿಯರರ ಅಳತೆಯಂತೆ ಆಗಿರುವ ಕೆಲಸ ಇಷ್ಟು. ಈ ಪತ್ರ ತಲುಪಿದ 15 ದಿನಗಳೊಳಗೆ ಕೆಲಸ ಪುನರಾರಂಭಿಸಿ ಮುಗಿಸುವ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು, ಇಲ್ಲವೆ ಉಳಿದ ಹಣ ಮರಳಿಸಬೇಕು. ಎರಡೂ ಆಗದಿದ್ದರೆ ಕೆಲಸವನ್ನು ಬೇರೆಯವರಿಗೆ ವಹಿಸಿ ಪರಿಹಾರಕ್ಕಾಗಿ ಗ್ರಾಹಕ ಆಯೋಗವನ್ನು ಕೋರಲಾಗುವುದು.’ ‘ಹೀಗೆ ಬರೆದರೆ ಅವನಿಗೆ ಬೇಸರವಾಗುವುದಿಲ್ಲವೆ’ ಎಂದು ಅವರು ಕೇಳಿದರು. ಆಗಬಹುದು ಎಂದೆ.

ಕಾನೂನಿನ ಸಲಹೆ ನನ್ನ ಕ್ಷೇತ್ರವಲ್ಲವಾದ್ದರಿಂದ ಅವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ; 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು ಎಂಬುದು ಪಿಂಚಣಿ ಪಡೆಯುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅಲ್ಲಿ ಅವರಿಗೆ ತಿಳಿದ ಸಂಗತಿಗಳು ಧೈರ್ಯ ತಂದವು. ಮನೆ ನಿರ್ಮಾಣದ ಕೆಲಸವೂ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. 2020ರ ಜುಲೈಯಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಪಾವತಿಸಿದ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವ್ಯಾಜ್ಯಕ್ಕೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ಕೊಡಬೇಕು. ಮೊದಲು ವಿಚಾರಿಸಿ ತಿಳಿಯಲು 1915 ಗ್ರಾಹಕ ಸಹಾಯವಾಣಿ ಇದೆ. ತಮ್ಮ ಹೇಳಿದ ‘ನಾನೂರಿಪ್ಪತ್ತು’ ಮಾತ್ರ ಇಲ್ಲಿ ಕೂಡಿಬರುವುದು ಕಷ್ಟ. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ, ಮಾತು ತಪ್ಪಿದ್ದಷ್ಟೇ ವಂಚನೆಯಾಗುವುದಿಲ್ಲ.

ಈ ಗುತ್ತಿಗೆದಾರ ವಂಚಕನೆಂದು ನನಗೂ ಅನ್ನಿಸಲಿಲ್ಲ. ಸಣ್ಣ ಗುತ್ತಿಗೆದಾರರಲ್ಲಿ ಅನೇಕರು ಒಂದು ಮನೆಯ ಅಡ್ವಾನ್ಸ್‌ನಿಂದ ಹಿಂದಿನ ಮನೆಯ ಸಾಲ ತೀರಿಸುತ್ತಾರೆ, ಮುಂದಿನ ಅಡ್ವಾನ್ಸ್ ಬರುವವರೆಗೆ ಈ ಮನೆಯನ್ನು ನಿಲ್ಲಿಸುತ್ತಾರೆ. ಯಾರು ಜೋರು ಮಾಡುತ್ತಾರೋ ಅವರ ಸೈಟಿಗೆ ಆಳುಗಳು ಹೋಗುತ್ತಾರೆ. ಟೀಚರ್ ಜೋರು ಮಾಡುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಅವನ ಕಷ್ಟವನ್ನು ಅರಿಯುವುದು ಸರಿ, ಆದರೆ ಅದಕ್ಕೆ ಬಡ್ಡಿಯಿಲ್ಲದ ಸಾಲ ಕೊಡುವ ಹೊಣೆ ನಿಮ್ಮದಲ್ಲ ಎಂದು ನಾನು ಅವರಿಗೆ ಸ್ಪಷ್ಟವಾಗಿ ಹೇಳಬೇಕಾಯಿತು.

ಹೊಸ ಗುತ್ತಿಗೆದಾರನೊಡನೆ ಅವರು ಮಾಡಿಕೊಂಡ ಒಪ್ಪಂದ ಛಾಪಾ ಕಾಗದದ ಮೇಲಿದೆ. ಅಡ್ವಾನ್ಸ್ ಅತಿ ಕಡಿಮೆ. ಸಿಮೆಂಟು ಮತ್ತು ರಾಸಾಯನಿಕದ ಹಣ ನೇರವಾಗಿ ಹಾರ್ಡ್‌ವೇರ್ ಅಂಗಡಿಗೆ, ಬಿಲ್ ಅವರ ಹೆಸರಿಗೆ. ಕಂತುಗಳು ತಾರೀಕಿಗಲ್ಲ, ಮುಗಿದ ಹಂತಕ್ಕೆ. ಕೊನೆಯ ಕಂತನ್ನು ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ತೇವ ಇಳಿಯದೆ ಇರುವುದನ್ನು ನೋಡಿದ ಮೇಲೆ ಕೊಡುವುದೆಂದು ಬರೆಸಿದರು. ಈ ಕೊನೆಯ ಷರತ್ತು ಅವರದೇ ಯೋಚನೆ. ಮಗನ ಹಣವನ್ನು ಅವರು ತಿರಸ್ಕರಿಸಲಿಲ್ಲ, ಆದರೆ ಕೈಸಾಲವೆಂದು ಬರೆದುಕೊಂಡು ಪಡೆದರು. ಹಾಗೆ ಪಡೆಯುವುದೆಂದು ಅವನೊಡನೆ ಮಾತಾಡಲು ಒಂದು ಭೇಟಿಯನ್ನೇ ಮೀಸಲಿಟ್ಟಿದ್ದೆವು.

ನಿದ್ರೆಯ ವಿಷಯಕ್ಕೆ, ರಾತ್ರಿ ಒಂಬತ್ತರ ಮೇಲೆ ಫೋನನ್ನು ನಡುಮನೆಯಲ್ಲಿ ಬಿಡುವುದೆಂದು ಗೊತ್ತುಮಾಡಿದೆವು. ಎದೆ ಡವಗುಟ್ಟುವುದನ್ನು ಮನಸ್ಸಿನದೆಂದೇ ಊಹಿಸಬಾರದೆಂದು ವೈದ್ಯರ ಬಳಿಗೂ ಕಳಿಸಿದೆ. ಪರೀಕ್ಷೆಯಲ್ಲಿ ರಕ್ತದೊತ್ತಡ ತುಸು ಹೆಚ್ಚಿರುವುದು ಕಂಡು ಚಿಕಿತ್ಸೆ ಆರಂಭವಾಯಿತು. ಅವೇಳೆಯಲ್ಲಿ ಕಂಗೆಟ್ಟರೆ ಕರೆಯಲು 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್ ಸಂಖ್ಯೆಯನ್ನು ಬರೆದುಕೊಟ್ಟಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಪತ್ರ ತಲುಪಿದ ವಾರದಲ್ಲೇ ಗುತ್ತಿಗೆದಾರ ತಂದೆಯನ್ನು ಕರೆದುಕೊಂಡು ಮನೆಗೆ ಬಂದ. ಕೆಲಸ ಮುಗಿಸಲು ತನ್ನಿಂದಾಗದು ಎಂದು ಒಪ್ಪಿ, ಮೂರು ಕಂತುಗಳಲ್ಲಿ ಹಣ ಮರಳಿಸುವುದಾಗಿ ಬರೆದುಕೊಟ್ಟ. ಎರಡು ಕಂತು ಬಂದವು, ಮೂರನೆಯದು ನಿಂತಿತು. ಬಾಕಿ ಇರುವ 40,000 ರೂಪಾಯಿಗೂ ಹಾಳಾದ ಸೂರಿನ ಬಣ್ಣದ ಖರ್ಚಿಗೂ ಅವರು ಜಿಲ್ಲಾ ಆಯೋಗಕ್ಕೆ ದೂರು ಕೊಟ್ಟಿದ್ದಾರೆ, ಅದು ವಿಚಾರಣೆಯಲ್ಲಿದೆ. ಈ ನಡುವೆ ಅವನು ಕರೆ ಮಾಡಿ, ಕಾಂಪೌಂಡ್ ಗೋಡೆಯ ಕೆಲಸವನ್ನು ತನಗೆ ಕೊಟ್ಟರೆ ಬಾಕಿಯನ್ನು ಅದರಲ್ಲೇ ತೀರಿಸುತ್ತೇನೆ ಎಂದು ಕೇಳಿದ್ದಾನೆ. ಮೊದಲು ಬಾಕಿ, ಆಮೇಲೆ ಮಾತು ಎಂದು ಅವರು ಬರೆದು ಕಳಿಸಿದ್ದಾರೆ.