ಮಂತ್ರ ಹೇಳುತ್ತಿದ್ದೇನೆ, ಖುಷಿ ಯಾಕೆ ಬರುತ್ತಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಮೂರು ಧ್ಯಾನ, ಜಪ, ಕೌನ್ಸೆಲಿಂಗ್ ಸುತ್ತಾನೇ ಇವೆ. ಬರೆದವರ ಹೆಸರು, ಓಣಿ ತೆಗೆದಿದ್ದೇನೆ.

ಪ್ರಶ್ನೆ: ನಾನು ಹುಬ್ಬಳ್ಳಿಯವಳು, 46 ವರ್ಷ, ಬ್ಯಾಂಕ್ ಕೆಲಸ. ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋಗಿದ್ದೆ. ಲಾಮಾಗಳೆಲ್ಲ ಸೇರಿ ಮಂತ್ರ ಹೇಳೋದು ಕೇಳಿ ಕಣ್ಣಲ್ಲಿ ನೀರು ಬಂತು, ಮನಸ್ಸು ಹಗುರಾಯಿತು. ಆಗಿನಿಂದ ಬೆಳಿಗ್ಗೆ ಮೊಬೈಲ್‌ನಲ್ಲಿ ‘ಓಂ ಮಣಿ ಪದ್ಮೇ ಹೂಂ’ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತೇನೆ. ಆ ಖುಷಿ ಮತ್ತೆ ಬರಲೇ ಇಲ್ಲ. ‘ಕೊರಳಲ್ಲಿ ಲಿಂಗ ಇಟ್ಟುಕೊಂಡು ಇದೇನಿದು’ ಅಂತ ಅತ್ತೆ ಬೈತಾರೆ. ಆಸ್ತಿ ವಿಷಯಕ್ಕೆ ಅಣ್ಣನ ಜೊತೆ ನಾಲ್ಕು ವರ್ಷದಿಂದ ಮಾತಿಲ್ಲ, ಅದು ಬಿಟ್ಟರೆ ಮತ್ತೇನೂ ತೊಂದರೆ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅಕ್ಕಾರೇ, ಮೊದಲು ಆ ಮೊಬೈಲ್ ಪಕ್ಕಕ್ಕಿಡಿ. ಮಂತ್ರ ಕೇಳೋದಕ್ಕೂ ಹೇಳೋದಕ್ಕೂ ಭಾಳ ಫರಕು ಇದೆ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಮಂತ್ರವನ್ನು ಲಯವಾಗಿ, ಉಸಿರು ಬಿಡುತ್ತಾ ಬಾಯಿಬಿಟ್ಟು ಹೇಳಿದರೆ ಅದು ಆರರ ಹತ್ತಿರ ಇಳಿಯುತ್ತದೆ. ಇಟಲಿಯ ಸಂಶೋಧಕರು ಇದನ್ನು ಅಳೆದು ನೋಡಿ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದಾರೆ. ಅವರು ಹೋಲಿಸಿದ್ದು ಎರಡು ಜಪ: ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಮತ್ತು ನೀವು ಹೇಳುತ್ತಿರುವ ಇದೇ ಮಣಿ ಮಂತ್ರ. ಎರಡರಲ್ಲೂ ಉಸಿರು ಹೆಚ್ಚುಕಡಿಮೆ ಒಂದೇ ರೀತಿ ನಿಧಾನವಾಯಿತು, ಎದೆಬಡಿತವೂ ಅದರ ತಾಳಕ್ಕೆ ಬಂತು. ಮೊಬೈಲ್ ಹಾಡಿದರೆ ಮಂತ್ರ ಹೇಳಿದ್ದು ಮೊಬೈಲು, ನಿಮ್ಮ ಉಸಿರಿಗೆ ಅದರಿಂದ ಅಷ್ಟೇನೂ ಆಗಲ್ಲ.

ಹೀಗೆ ಮಾಡಿ. ಮೊಣಕಾಲು ನೋವಿದ್ದರೆ ಕುರ್ಚಿ ಮೇಲೇ ಕೂತುಕೊಳ್ಳಿ. ಒಂದು ಕೈ ಹೊಟ್ಟೆ ಮೇಲಿರಲಿ. ಒಂದೇ ಉಸಿರಲ್ಲಿ ಪೂರ್ತಿ ಮಂತ್ರ, ಕೊನೆಯ ‘ಹೂಂ’ ಮಾತ್ರ ತುಟಿ ಮುಚ್ಚಿ ಉದ್ದಕ್ಕೆ. ಆಗ ಎದೆಯೂ ಮೂಗಿನ ಮೂಳೆಯೂ ಸಣ್ಣಗೆ ನಡುಗೋದು ಗೊತ್ತಾಗುತ್ತದೆ. ಗಮನ ಅಲ್ಲೇ ಇರಲಿ. ಮನಸ್ಸು ಬ್ರಾಂಚಿನ ಟಾರ್ಗೆಟ್ ಕಡೆ ಓಡುತ್ತದೆ, ಓಡಲಿ ಬಿಡಿ, ಮುಂದಿನ ‘ಹೂಂ’ಗೆ ವಾಪಸ್ ಬನ್ನಿ. 10 ನಿಮಿಷ ಇದು. ಆಮೇಲೆ 5 ನಿಮಿಷ ಮಂತ್ರ ನಿಲ್ಲಿಸಿ ಉಸಿರು ಬಂದು ಹೋಗೋದನ್ನಷ್ಟೇ ನೋಡಿ. ಜನ ಈ ಕೊನೆಯ ಭಾಗ ಬಿಟ್ಟು ಎದ್ದುಬಿಡುತ್ತಾರೆ. ನಿಜವಾದ ಧ್ಯಾನ ಇರೋದು ಅಲ್ಲೇ.

ಇನ್ನೊಂದು ವಿಷಯ. ಮುಂಡಗೋಡದಲ್ಲಿ ಆದದ್ದು ಮತ್ತೆ ಆಯ್ತಾ, ಆಯ್ತಾ ಅಂತ ನೀವು ದಿನಾ ಪರೀಕ್ಷೆ ಮಾಡುತ್ತಾ ಕೂತಿದ್ದೀರಿ. ಹಾಗೆ ಕಾದರೆ ಬರಲ್ಲ. ಅವತ್ತು ನೀವು ಏನೂ ಬಯಸದೆ ಹೋಗಿದ್ದಿರಿ, ಎದುರಿಗೆ ನೂರಾರು ಜನರ ದನಿ ಇತ್ತು, ರಜೆ ಇತ್ತು, ಅಳು ತಾನಾಗಿ ಬಂತು. ಆ ಲಾಮಾಗಳಿಗೂ ದಿನಾ ಹಾಗೆ ಆಗಲ್ಲ ಬಿಡಿ. ಅಲ್ಲಿನ ಡ್ರೆಪುಂಗ್, ಗಾಂಡೆನ್ ಮಠಗಳಲ್ಲಿ ಅವರು ವರ್ಷಾನುಗಟ್ಟಲೆ ಓದುತ್ತಾರೆ, ಅಂಗಳದಲ್ಲಿ ಚಪ್ಪಾಳೆ ಹೊಡೆದು ಜಗಳದ ಹಾಗೆ ವಾದ ಮಾಡುತ್ತಾರೆ. (ನೋಡಲು ಹೋದವರು ‘ಏನೋ ಆಟ’ ಅಂದುಕೊಂಡು ವಿಡಿಯೋ ಮಾಡಿಕೊಂಡು ಬರುತ್ತಾರೆ. ಅದು ತರ್ಕಶಾಸ್ತ್ರದ ಪಾಠ.)

ಬುದ್ಧನ ಕತೆಯಲ್ಲೇ ಇದಕ್ಕೆ ಒಂದು ಪ್ರಸಂಗ ಇದೆ. ಊಟ ಬಿಟ್ಟು, ದೇಹ ದಂಡಿಸಿ, ಎಲುಬು ಕಾಣುವಷ್ಟು ಸೊರಗಿದ ಮೇಲೆ ಅವನಿಗೆ ಚಿಕ್ಕಂದಿನ ಒಂದು ದಿನ ನೆನಪಾಯಿತಂತೆ. ಅಪ್ಪ ಹೊಲದ ಕೆಲಸದಲ್ಲಿದ್ದ, ಇವನು ನೇರಳೆ ಮರದ ನೆರಳಲ್ಲಿ ಸುಮ್ನೆ ಕೂತಿದ್ದ, ಒಳಗಿನಿಂದ ಒಂದು ಸಂತೋಷ ಎದ್ದಿತ್ತು. ‘ಈ ಸುಖಕ್ಕೆ ನಾನು ಯಾಕೆ ಹೆದರುತ್ತಿದ್ದೇನೆ?’ ಅಂತ ತನ್ನನ್ನೇ ಕೇಳಿಕೊಂಡ, ಉಪವಾಸ ಬಿಟ್ಟು ಊಟ ಮಾಡಿದ. ಮುಂದೆ ಉಸಿರಿನ ಧ್ಯಾನವನ್ನು 16 ಹೆಜ್ಜೆಯಲ್ಲಿ ಕಲಿಸಿದ. ಮೊದಲ ನಾಲ್ಕು ಬರೀ ಉಸಿರು ಮತ್ತು ಮೈಯದ್ದು, ಉದ್ದ ಉಸಿರು ಉದ್ದ, ಗಿಡ್ಡ ಉಸಿರು ಗಿಡ್ಡ ಅಂತ ತಿಳಿಯೋದು, ಮೈ ಸಡಿಲ ಬಿಡೋದು. ಸಂತೋಷ ಬರೋದು ಐದನೆಯದರಲ್ಲಿ. ನೀವು ನೇರ ಐದಕ್ಕೆ ಹಾರಲು ನೋಡುತ್ತಿದ್ದೀರಿ.

ಅತ್ತೆಯವರಿಗೆ ಏನು ಹೇಳೋದು? ಅವರ ಜೊತೆ ವಾದ ಬೇಡ. ಸಿದ್ಧಾರೂಢ ಮಠದಲ್ಲಿ ‘ಓಂ ನಮಃ ಶಿವಾಯ’ ಹೇಳುವಾಗ ಆಗೋದೂ ಉಸಿರಿನ ಮಟ್ಟಿಗೆ ಇದೇ. ಇಷ್ಟಲಿಂಗ ಅಂಗೈಲಿ ಹಿಡಿದು ದೃಷ್ಟಿ ನಿಲ್ಲಿಸೋದು ಕೂಡ ಗಟ್ಟಿ ಏಕಾಗ್ರತೆಯ ಅಭ್ಯಾಸ. ನಿಮಗೆ ಅದೇ ಹತ್ತಿರ ಅನ್ನಿಸಿದರೆ ಅದನ್ನೇ ಮಾಡಿ, ನನ್ನದೇನೂ ತಕರಾರಿಲ್ಲ. ಮಣಿ ಮಂತ್ರವೇ ಬೇಕು ಅಂದರೂ ಬುದ್ಧ ಈ ಕಡೆಯವರಿಗೆ ಹೊಸಬನಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ 16 ಜನ ಶೆಟ್ಟರು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ಅಲ್ಲಿ ಬೌದ್ಧರ ದೇವತೆ ತಾರಾದೇವಿಗೆ ಪೂಜೆ ನಡೆಯುತ್ತಿತ್ತು. ಕಟ್ಟಿಸಿದ್ದು ವ್ಯಾಪಾರಸ್ಥರೇ, ಸನ್ಯಾಸಿಗಳಲ್ಲ.

ಈಗ ಅಣ್ಣನ ವಿಷಯ. ‘ಅದು ಬಿಟ್ಟರೆ ಮತ್ತೇನೂ ಇಲ್ಲ’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನಗೆ ಇಡೀ ಪತ್ರದಲ್ಲಿ ದೊಡ್ಡದಾಗಿ ಕಂಡಿದ್ದು ಅದೇ ಸಾಲು. ಪಂಚಮಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಕಿವಿ ಬಾಗಿಲ ಕಡೆಗೇ ಇರುತ್ತದೆ, ತವರಿನಿಂದ ಕರೆಯಲು ಯಾರು ಬಂದರು ಅಂತ. ನಾಲ್ಕು ಪಂಚಮಿ ಉಂಡಿ ಕಟ್ಟಿ, ಪಕ್ಕದ ಮನೆಯವರು ತವರಿಗೆ ಹೋಗೋದನ್ನು ನೋಡುತ್ತಾ ಕಳೆದಿದ್ದೀರಿ, ಅಲ್ವಾ? ಕಣ್ಣು ಮುಚ್ಚಿದಾಗ ಮೇಲೆ ಬರೋದು ಇದೇ ಇರಬಹುದು, ಅದನ್ನು ಮಂತ್ರದಿಂದ ಒತ್ತಿ ಕೂರಿಸಬೇಡಿ.

ಇಲ್ಲಿ ಸೈಕೋಥೆರಪಿ ಕೆಲಸಕ್ಕೆ ಬರುತ್ತದೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡೋದು. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಶುರು ಮಾಡಿದ ಪದ್ಧತಿಯನ್ನೇ ಜಾಸ್ತಿ ಬಳಸುತ್ತಾರೆ, ಅದನ್ನು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ ಅಂತಾರೆ. (ಹುಬ್ಬಳ್ಳಿಯವರಿಗೆ ಸಿಬಿಟಿ ಅಂದರೆ ಬಸ್ ಸ್ಟ್ಯಾಂಡು, ಇದು ಬೇರೆ.) ಅಣ್ಣ ಕರೆಯಲು ಬರಲಿಲ್ಲ, ಇದು ನಡೆದ ಸಂಗತಿ. ‘ನಾನು ಅವನಿಗೆ ಬೇಡವಾದೆ’, ಇದು ನಿಮ್ಮ ಮನಸ್ಸು ಸೇರಿಸಿದ್ದು. ಥೆರಪಿಸ್ಟ್ ಈ ಎರಡನ್ನೂ ಹಾಳೆ ಮೇಲೆ ಬೇರೆ ಬೇರೆ ಬರೆಸುತ್ತಾರೆ, ಎರಡನೆಯದಕ್ಕೆ ಸಾಕ್ಷಿ ಏನು ಅಂತ ಕೇಳುತ್ತಾರೆ. ಧ್ಯಾನದಲ್ಲೂ ‘ಇದು ಒಂದು ಯೋಚನೆ’ ಅಂತ ಗುರುತಿಸೋದು ಕಲಿಯುತ್ತೀರಿ, ಆದ್ದರಿಂದ ಎರಡೂ ಒಟ್ಟಿಗೆ ಚೆನ್ನಾಗಿ ನಡೆಯುತ್ತವೆ. ಹಾಂ, ಮೈತ್ರಿ ಧ್ಯಾನ (ಎಲ್ಲರಿಗೂ ಒಳ್ಳೇದಾಗಲಿ ಅಂತ ಬಯಸುವ ಅಭ್ಯಾಸ) ಮಾಡುವಾಗ ಅಣ್ಣನಿಗೆ ಒಳ್ಳೇದು ಬಯಸಿದ ಮಾತ್ರಕ್ಕೆ ಪಾಲು ಬಿಟ್ಟುಕೊಡಬೇಕು ಅಂತ ಎಲ್ಲೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಇದೆ. ಅದಕ್ಕೆ ವಕೀಲರನ್ನು ನೋಡಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ, 38 ವರ್ಷ. ಆರು ತಿಂಗಳಿಂದ ಯಾವುದರಲ್ಲೂ ರುಚಿ ಇಲ್ಲ. ಬೆಳಗಿನ ಜಾವ 3ಕ್ಕೇ ಎಚ್ಚರ, ಮಗಳು ಮಾತಾಡಿಸಿದರೂ ಬೇಜಾರು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಎರಡು ತಿಂಗಳಾಯ್ತು, ಸ್ವಲ್ಪ ವಾಸಿ. ‘ಮಾತ್ರೆ ಬಿಡು, ಹತ್ತು ದಿನ ವಿಪಶ್ಯನ ಧ್ಯಾನ ಶಿಬಿರ ಮಾಡಿ ಬಾ, ಹೊಸ ಮನುಷ್ಯ ಆಗ್ತೀ’ ಅಂತಾನೆ ಗೆಳೆಯ. ಹೋಗಲಾ?

ಉತ್ತರ: ಈಗ ಬೇಡ. ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ. ಒಮ್ಮೆಲೇ ಬಿಟ್ಟರೆ ತಲೆ ಸುತ್ತು, ಸಿಡಿಮಿಡಿ ಬರಬಹುದು, ಕಾಯಿಲೆ ಮತ್ತೆ ಹೆಚ್ಚಾಗಬಹುದು. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ ಅಂದರೆ ಡಿಪ್ರೆಶನ್ ಇರಬಹುದು ಅಂತಲೇ ನೋಡಬೇಕು. ನಿಮ್ಮಲ್ಲಿ ಖುಷಿ ಇಲ್ಲದಿರೋದು ಸಾಧನೆ ಸಾಲದ್ದಕ್ಕೆ ಅಲ್ಲ.

ನಿಮ್ಮ ಗೆಳೆಯ ಹೇಳಿದ ಶಿಬಿರ ಕೆಟ್ಟದ್ದೇನಲ್ಲ. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತದಲ್ಲಿ ಕಲಿಸಲು ಶುರು ಮಾಡಿದ ಪದ್ಧತಿ ಅದು, ಫೀಸೂ ಇಲ್ಲ. ಆದರೆ ಬೆಳಿಗ್ಗೆ 4ಕ್ಕೆ ಗಂಟೆ ಹೊಡೆಯುತ್ತದೆ, ದಿನಕ್ಕೆ ಸುಮಾರು 10 ಗಂಟೆ ಕೂರಬೇಕು, ಮಾತಿಲ್ಲ, ಫೋನಿಲ್ಲ, ಓದೋದೂ ಇಲ್ಲ. ರಾತ್ರಿ 3ಕ್ಕೆ ಎದ್ದು ತನ್ನನ್ನೇ ತಾನು ಬೈದುಕೊಳ್ಳುವ ಮನಸ್ಸನ್ನು ಹತ್ತು ದಿನ ಅದರ ಜೊತೆಗೇ ಕೂಡಿಹಾಕಿದರೆ ಏನಾಗುತ್ತದೆ ಯೋಚಿಸಿ. ಅರ್ಜಿಯಲ್ಲೂ ಮಾನಸಿಕ ಕಾಯಿಲೆ ಬಗ್ಗೆ ಕೇಳುತ್ತಾರೆ, ಮುಂದೆ ಎಂದಾದರೂ ಹೋದರೆ ಅಲ್ಲಿ ನಿಜ ಬರೆಯಿರಿ. ಡಿಪ್ರೆಶನ್‌ಗೇ ಅಂತ ಧ್ಯಾನ ಮತ್ತು ಸಿಬಿಟಿ ಸೇರಿಸಿ ಮೂವರು ಮನಶ್ಶಾಸ್ತ್ರಜ್ಞರು ರೂಪಿಸಿದ 8 ವಾರದ ಕೋರ್ಸ್ ಒಂದಿದೆ. ಅದನ್ನು ಮೊದಲು ಮಾಡಿದ್ದೂ ಗುಣವಾದವರಿಗೆ, ಕಾಯಿಲೆ ಮರುಕಳಿಸದಿರಲಿ ಅಂತ.

ಸದ್ಯಕ್ಕೆ ಧ್ಯಾನ ಬೇಕೇ ಬೇಕು ಅಂದರೆ ಕಣ್ಣು ತೆರೆದು ಮಾಡಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಮಗಳ ಕೈ ಹಿಡಿದು 15 ನಿಮಿಷ ನಡೆಯಿರಿ, ಪಾದ ನೆಲಕ್ಕೆ ತಾಗೋದನ್ನು ಗಮನಿಸಿ. ಮನಸ್ಸಿಲ್ಲದಿದ್ದರೂ ನಡೆಯಿರಿ, ಮನಸ್ಸು ಬಂದ ಮೇಲೆ ಹೋಗ್ತೀನಿ ಅಂದರೆ ಈ ಕಾಯಿಲೆಯಲ್ಲಿ ಅದು ಬರೋದೇ ಇಲ್ಲ. ಎರಡನೇ ಅಭಿಪ್ರಾಯ ಬೇಕಿದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ‘ಧಾರವಾಡಕ್ಕೆ ಕಳಿಸಬೇಕು ಇವನನ್ನ’ ಅಂತ ಜೋಕ್ ಮಾಡುವವರು ಮಾಡಿಕೊಳ್ಳಲಿ. ಬದುಕೋದೇ ಬೇಡ ಅನ್ನಿಸಿದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಧಾರವಾಡ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ರೂಮ್‌ಮೇಟ್ ಸೆಲೆಕ್ಟ್ ಆದ. ಒಂದು ವಾರದಿಂದ ಅವನ ಮುಖ ನೋಡಲು ಆಗುತ್ತಿಲ್ಲ. ಹೊಟ್ಟೆಕಿಚ್ಚಿಗೆ ಬೌದ್ಧ ಧ್ಯಾನ ಇದೆಯಂತೆ, ನಿಜವಾ?

ಉತ್ತರ: ಇದೆ, ಮುದಿತಾ ಅಂತಾರೆ. ಇನ್ನೊಬ್ಬರ ಖುಷಿಗೆ ಖುಷಿಪಡುವ ಅಭ್ಯಾಸ. ಮೈತ್ರಿ, ಕರುಣೆ, ಉಪೇಕ್ಷೆ ಜೊತೆ ನಾಲ್ಕರಲ್ಲಿ ಒಂದು, ನನ್ನ ಪ್ರಕಾರ ನಾಲ್ಕರಲ್ಲಿ ಕಷ್ಟದ್ದೂ ಇದೇ. ರೂಮ್‌ಮೇಟ್‌ನಿಂದ ಶುರು ಮಾಡಬೇಡಿ, ಆಗಲ್ಲ. ನಿಮಗೆ ಪೈಪೋಟಿಯೇ ಇಲ್ಲದ ಒಬ್ಬರನ್ನು ನೆನೆಯಿರಿ, ಊರಲ್ಲಿ ತಂಗಿಯ ಮಗು ಹೊಸ ಸೈಕಲ್ ಹತ್ತಿದ್ದು, ಅಂಥದ್ದು. ‘ಈ ಖುಷಿ ಹಿಂಗೇ ಇರಲಿ’ ಅಂತ ಮನಸ್ಸಲ್ಲೇ ಹೇಳಿ. ಕೆಲವು ದಿನ ಅದೇ. ಆಮೇಲೆ ಮೆಸ್‌ನ ಅಣ್ಣ, ಲೈಬ್ರರಿಯಲ್ಲಿ ಪಕ್ಕ ಕೂರುವವನು. ರೂಮ್‌ಮೇಟ್ ಸರದಿ ಕೊನೆಗೆ. ಆಗಲೂ ಹೊಟ್ಟೆ ಉರಿದರೆ ‘ಉರಿಯುತ್ತಿದೆ’ ಅಂತ ಒಪ್ಪಿಕೊಂಡು ನಿಲ್ಲಿಸಿ, ಒಳ್ಳೆಯವನ ನಾಟಕ ಬೇಡ. ರಾತ್ರಿ ಮಲಗುವ ಮುಂಚೆ 10 ನಿಮಿಷ ಸಾಕು, ಓದುವ ಹೊತ್ತು ಇದಕ್ಕೆ ಕೊಡಬೇಡಿ. ಪರೀಕ್ಷೆ ವಾರದಲ್ಲಿ ಧ್ಯಾನ ತಪ್ಪಿದರೂ ನಡೆಯುತ್ತದೆ, ನಿದ್ದೆ ತಪ್ಪಿಸಬೇಡಿ.