ಪ್ರತಿ: ನನ್ನ ಹೋಮ್‌ನಲ್ಲಿರುವ ಮಿನಿಕಾಂಡಾ ಲ್ಯಾಬಿನ ಎಲ್ಲರಿಗೂ ಸಿಗುವಂತೆ ಮಾಡುವುದು ಹೇಗೆ?

ನಮಸ್ಕಾರ. ಉಬುಂಟು ಸರ್ವರಿನಲ್ಲಿ ನಿಮ್ಮ ಹೋಮ್ ಡೈರೆಕ್ಟರಿಯೊಳಗೆ ಹಾಕಿಕೊಂಡ ಮಿನಿಕಾಂಡಾವನ್ನು (ಪೈಥಾನ್ ಪ್ಯಾಕೇಜುಗಳನ್ನು ನೋಡಿಕೊಳ್ಳುವ 'ಕಾಂಡಾ'ದ ಪುಟ್ಟ ರೂಪ) ಲ್ಯಾಬಿನ ಉಳಿದ ಐವರು ಓಡಿಸಿದರೆ 'ಪರ್ಮಿಶನ್ ಡಿನೈಡ್' ಬರುತ್ತಿದೆ ಎಂದಿರಿ. ಬರಲೇಬೇಕು. ಫೈಲಿಗೆ ಮಾತ್ರ ಅನುಮತಿ ಇದ್ದರೆ ಸಾಲದು, ಎಲ್ಲಕ್ಕೂ ಮೇಲಿನ ರೂಟ್ ಡೈರೆಕ್ಟರಿಯಿಂದ ಅಲ್ಲಿಯವರೆಗಿನ ಪ್ರತಿ ಡೈರೆಕ್ಟರಿಗೂ ಎಕ್ಸಿಕ್ಯೂಟ್ (ಒಳಹೋಗುವ) ಅನುಮತಿ ಬೇಕು. ಉಬುಂಟು 21.04ರಿಂದ ಹೊಸ ಹೋಮ್‌ಗಳು 750 ಎಂಬ ಅನುಮತಿಯೊಂದಿಗೇ ಹುಟ್ಟುತ್ತವೆ, ಅಂದರೆ ಒಡೆಯ ಮತ್ತು ಅವರ ಗುಂಪನ್ನು ಬಿಟ್ಟು ಹೊರಗಿನವರಿಗೆ ಬಾಗಿಲೇ ಮುಚ್ಚಿದೆ.

ಹಾಗಂತ ದಯವಿಟ್ಟು 777 (ಎಲ್ಲರಿಗೂ ಎಲ್ಲ ಹಕ್ಕು) ಕೊಡಬೇಡಿ. ಒಬ್ಬರು ಬೇಸ್‌ನಲ್ಲಿ (ಎಲ್ಲರೂ ಹಂಚಿಕೊಳ್ಳುವ ಮೂಲ ಪ್ಯಾಕೇಜುಗಳಲ್ಲಿ) ಏನೋ ಅಪ್‌ಡೇಟ್ ಮಾಡಿದರೆ ಆರೂ ಜನರ ಕೆಲಸ ಕೆಡುತ್ತದೆ. (ನಾನೂ ಒಮ್ಮೆ ಕೊಟ್ಟು ಒಂದಿಡೀ ಶನಿವಾರ ಕಳೆದುಕೊಂಡವನೇ.) ಫೋಲ್ಡರನ್ನು ಹಾಗೇ ಎತ್ತಿ ಬೇರೆಡೆ ಇಟ್ಟರೂ ನಡೆಯುವುದಿಲ್ಲ. ಕಾಂಡಾದ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲೇ ಹಳೆಯ ಪೂರ್ಣ ಪಾಥ್ ಅಚ್ಚಾಗಿರುತ್ತದೆ.

ಇನ್‌ಸ್ಟಾಲರನ್ನು ಸುಡೋ (ಅಡ್ಮಿನ್ ಹಕ್ಕಿನಿಂದ ಓಡಿಸುವ ಕಮಾಂಡ್) ಹಾಕಿ ಮತ್ತೆ ಓಡಿಸಿ. ಎಲ್ಲಿ ಹಾಕಲಿ ಎಂದು ಕೇಳಿದಾಗ 'ಆಪ್ಟ್' (/opt) ಡೈರೆಕ್ಟರಿಯೊಳಗೆ ಜಾಗ ತೋರಿಸಿ. ಅದಕ್ಕೂ ಮೊದಲು ಯುಮಾಸ್ಕ್ (ಹೊಸ ಫೈಲುಗಳಿಗೆ ಯಾವ ಅನುಮತಿ ಕೊಡಬಾರದು ಎಂಬ ಸೆಟ್ಟಿಂಗ್) 022 ಇದೆಯೇ ನೋಡಿಕೊಳ್ಳಿ, 077 ಇದ್ದರೆ ಮತ್ತದೇ ಗೋಳು. ಒಡೆತನ ರೂಟ್ ಎಂಬ ಅಡ್ಮಿನ್ ಖಾತೆಯದೇ ಇರಲಿ, ಉಳಿದವರಿಗೆ ಓದುವ, ಓಡಿಸುವ ಹಕ್ಕು ಸಾಕು. ಈ ವಿಷಯದಲ್ಲಿ ಕಾಂಡಾ ಜಾಣ: ಅಲ್ಲಿ ಬರೆಯಲು ಆಗದಿದ್ದರೆ ಹೊಸ ಎನ್ವಿರಾನ್‌ಮೆಂಟನ್ನು (ಪ್ಯಾಕೇಜುಗಳ ಪ್ರತ್ಯೇಕ ಗುಂಪನ್ನು) ಅವರವರ ಹೋಮ್‌ನ 'ಡಾಟ್ ಕಾಂಡಾ' ಫೋಲ್ಡರಿನಲ್ಲೇ ಕಟ್ಟುತ್ತದೆ. ಡಿಸ್ಕ್ ಸ್ವಲ್ಪ ಹೆಚ್ಚು ತಿನ್ನುತ್ತದೆ, ತಿನ್ನಲಿ ಬಿಡಿ.

ಎಲ್ಲರೂ ಒಮ್ಮೆ ಹೊಸ ಜಾಗದ 'ಕಾಂಡಾ ಇನಿಟ್' (ಕಾಂಡಾವನ್ನು ಶೆಲ್‌ಗೆ ಜೋಡಿಸುವ ಕಮಾಂಡ್) ಓಡಿಸಿ ಶೆಲ್, ಅಂದರೆ ಕಮಾಂಡ್ ಟೈಪಿಸುವ ಕಿಟಕಿ, ಮತ್ತೆ ತೆರೆಯಬೇಕು. ನೀವು ಮಾತ್ರ, ಹಳೆಯದನ್ನು ಅಳಿಸುವ ಮುನ್ನ ನಿಮ್ಮ ಎನ್ವಿರಾನ್‌ಮೆಂಟುಗಳನ್ನು ಯಾಮಲ್ ಫೈಲಿಗೆ (ಪ್ಯಾಕೇಜುಗಳ ಪಟ್ಟಿ ಇರುವ ಪಠ್ಯ ಫೈಲು) ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.