ಅತ್ತೆಗೆ ಏನು ಕೊಡಲಿ?

ಬನಶಂಕರಿಯ ಸಹೋದರಿಯವರೇ,

ಬರುವ ತಿಂಗಳು ಅತ್ತೆಯವರಿಗೆ 70 ತುಂಬುತ್ತದೆ, ಇಷ್ಟು ವರ್ಷ ಕೊಟ್ಟ ರೇಷ್ಮೆ ಸೀರೆಗಳೆಲ್ಲ ಮಡಿಕೆ ಬಿಚ್ಚದೆ ಬೀರುವಿನಲ್ಲೇ ಇವೆ, ಈ ಸಲ ಸ್ಮಾರ್ಟ್‌ವಾಚ್ ಕೊಡೋಣ ಅಂತ ಯಜಮಾನರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕೊನೆಯಲ್ಲಿ, ತುಸು ಬೇಸರದಿಂದಲೇ, ಇನ್ನೊಂದು ಸಾಲು ಸೇರಿಸಿದ್ದೀರಿ: ‘ಸಂಜೆಯಾದರೆ ತಾರಸಿ ಮೇಲಿನ ಕುಂಡಗಳ ಹತ್ತಿರ ಹೋಗಿ ಕೂರುತ್ತಾರೆ, ಕಾಫಿಗೆ ಕರೆದರೂ ಕೆಳಗಿಳಿಯುವುದಿಲ್ಲ.’

ನಾನು ಆ ಸಾಲನ್ನೇ ಹಿಡಿದುಕೊಳ್ಳುತ್ತೇನೆ.

ವಾಚಿನ ಹಿಂದೆ ಮಗನ ಕಾಳಜಿ ಇದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಕಡಿಮೆಯಾಗುವುದು ಮಗನ ಆತಂಕ. ತಾಯಿಯ ಆಸೆ ಅದಲ್ಲ. ಬೇರೆ ಯಾವತ್ತಾದರೂ ಕೊಡಲಿ, ಹುಟ್ಟುಹಬ್ಬಕ್ಕೆ ಬೇಡ. ಸೀರೆಯ ವಿಷಯವೂ ಅಷ್ಟೇ. ದಿನಾ ಹತ್ತಿ ಸೀರೆ ಉಡುವವರಿಗೆ ರೇಷ್ಮೆ ಕೊಟ್ಟರೆ ಅದು ಬೀರು ಸೇರದೆ ಇನ್ನೇನಾದೀತು?

ಒಂದು ಸಂಜೆ ನೀವೇ ಕಾಫಿ ಲೋಟ ಹಿಡಿದು ಮೇಲೆ ಹೋಗಿ, ಪಕ್ಕದಲ್ಲಿ ಕೂತು ನೋಡಿ. ಯಾವ ಕುಂಡದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ? ದುಂಡುಮಲ್ಲಿಗೆ ಇದ್ದು ಕಾಕಡ ಇಲ್ಲವೇ? ದೊಡ್ಡಪತ್ರೆ, ಬಸಳೆಯ ಮೇಲೆ ಪ್ರೀತಿಯೇ? ನೀರನ್ನು ಬಕೆಟ್‌ನಲ್ಲಿ ಹೊತ್ತು ಹಾಕುತ್ತಿದ್ದರೆ, ಮಡಚಿಕೊಳ್ಳದ ಒಳ್ಳೆಯ ಪೈಪೇ ಅವರಿಗೆ ರೇಷ್ಮೆಗಿಂತ ಹೆಚ್ಚು. ಹಿಡಿ ಮುರಿದರೂ ಬಿಸಾಡದೆ ದಾರ ಸುತ್ತಿ ಬಳಸುತ್ತಿರುವ ಸಾಮಾನು ಕಂಡರೆ ಗುರುತಿಟ್ಟುಕೊಳ್ಳಿ.

ಗಿಡ ಮಾತ್ರ ನೀವಾಗಿಯೇ ಆರಿಸಿ ತರಬೇಡಿ. ಮಲ್ಲಿಗೆಗೆ ದಿನಕ್ಕೆ 5–6 ಗಂಟೆಯಾದರೂ ನೇರ ಬಿಸಿಲು ಬೇಕು. ಪಕ್ಕದ ಕಟ್ಟಡದ ನೆರಳು ನಿಮ್ಮ ತಾರಸಿಯ ಯಾವ ಮೂಲೆಗೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದು ಆ ಮನೆಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ.

ಆದ್ದರಿಂದ ಅವರನ್ನೇ ಕರೆದುಕೊಂಡು ಹೋಗಿ. ಲಾಲ್‌ಬಾಗಿನ ಮಗ್ಗುಲಲ್ಲೇ ಸಿದ್ದಾಪುರದ ನರ್ಸರಿಗಳಿವೆ; ಮನೆಯಿಂದಲೇ ಆಟೊ ಮಾಡಿಕೊಳ್ಳಿ. ಆಗಸ್ಟ್ 15, ಜನವರಿ 26ರ ಆಸುಪಾಸಿನ ಫಲಪುಷ್ಪ ಪ್ರದರ್ಶನದಲ್ಲೂ ಗಿಡ, ಬೀಜ ಸಿಗುತ್ತವೆ. ಆದರೆ ಆ ನೂಕುನುಗ್ಗಲು ಈ ವಯಸ್ಸಿಗೆ ಬೇಡ. ವಾರದ ನಡುವಿನ ಒಂದು ಬೆಳಿಗ್ಗೆ ಸಾಕು. ಒಂದೊಂದು ಗಿಡದ ಎಲೆ ಮಗುಚಿ ಹಿಟ್ಟು ತಿಗಣೆ ಇದೆಯೇ ಎಂದು ನೋಡಲಿ, ಮನಸಾರೆ ಚೌಕಾಸಿ ಮಾಡಲಿ. ದಯವಿಟ್ಟು ನೀವು ಮೊಬೈಲ್‌ನಲ್ಲಿ ಗಂಟೆ ನೋಡಬೇಡಿ.

ವಾಚಿಗೆಂದು ಎತ್ತಿಟ್ಟ ದುಡ್ಡು ಉಳಿದೀತು. ಅದರಲ್ಲಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರದ ಚೀಲಗಳನ್ನು ತರಿಸಿ. ಅವನ್ನು ತಾರಸಿಗೆ ಹೊತ್ತು ಹಾಕುವ ಕೆಲಸ ನಿಮ್ಮ ಯಜಮಾನರದ್ದಾಗಲಿ.

– ಸಂಪಾದಕ